ಹನ್ನೆರಡು ಚೇರಿನ ಸೂಪರ್ ಲೀಗ್

ನಮ್ಮ ಸರಸ್ವತಿಪುರಂ ರೂಮಲ್ಲಿ ಮೊನ್ನೆ ಒಂದು ಬ್ರೇಕವೇ ಆಯ್ತು, ಅಂದ್ರೆ ಒಂದು ಗುಂಪು ಒಡ್ಕೊಂಡು ಬೇರೆ ಹೋಯ್ತು. ರೂಮು ಅಂದ್ರೆ ದೊಡ್ಡದೇನಲ್ಲ, ಟೆರೇಸ್ ಮೇಲೆ ಶೀಟ್ ಹಾಕಿರೋದು, ಆ ಕಡೆ ಓನರ್ ಆಂಟಿ ಹಪ್ಪಳ ಒಣಗಿಸ್ತಾರೆ, ಈ ಕಡೆ ನಾವು ವಾರಾ ವಾರಾ ಇಂಗ್ಲಿಷ್ ಫುಟ್ಬಾಲ್ ನೋಡ್ತೀವಿ. ಇಲ್ಲಿ ಯಾರು ಯಾವ ಕ್ಲಬ್ಬಿನ ಅಭಿಮಾನಿಯೋ ಅದೇ ಅವರ ಹೆಸರು. ಟೀವಿ ಎವರ್ಟನ್ ಅಣ್ಣಂದು. ಅವರು ಬ್ಯಾಂಕಲ್ಲಿರೋದು, ನಮಗಿಂತ ಹತ್ತು ವರ್ಷ ದೊಡ್ಡೋರು, ಎವರ್ಟನ್ನೇ ಯಾಕೆ ಅಂತ ಯಾರೂ ಕೇಳಲ್ಲ, ಕೇಳಬಾರ್ದು ಕೂಡ. ಚೇರು ಹನ್ನೆರಡು, ಅವು ಲಿವರ್‌ಪೂಲ್ ಹುಡುಗನ ಮಾವನ ಶಾಮಿಯಾನ ಅಂಗಡೀವು. ಜನ ಹದಿನಾಲ್ಕು. ಎಲ್ಲಾ ಕೇಡು ಶುರುವಾಗಿದ್ದು ಈ ಎರಡು ಚೇರು ಕಮ್ಮಿ ಬಿದ್ದಿದ್ರಿಂದ.

ಇಷ್ಟು ದಿನ ಮೊದಲು ಬಂದೋನಿಗೆ ಚೇರು, ಲೇಟಾಗಿ ಬಂದೋನಿಗೆ ಚಾಪೆ. ಮೊನ್ನೆ ಮ್ಯಾಂಚೆಸ್ಟರ್ ಯುನೈಟೆಡ್ ಹುಡುಗ ಲೇಟಾಗಿ ಬಂದ, ಚಾಪೆ ನೋಡಿದ, ಅವನ ಸೀಟಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಹುಡುಗ ಕೂತು ಕಡ್ಲೆಕಾಯಿ ಬಿಡಿಸ್ತಾ ಇದ್ದ. "ಏಳೋ, ಸೈಜ್ ನೋಡ್ಕೊಂಡು ಕೂತ್ಕೋ, ನಮ್ಮ ಕ್ಲಬ್ ಎಷ್ಟು ದೊಡ್ಡದು ಗೊತ್ತಾ" ಅಂದ. ಕಡ್ಲೆಕಾಯಿ ಹುಡುಗ ತಲೆ ಎತ್ತದೇನೆ ಕೇಳಿದ, "ಯುರೋಪಿಯನ್ ಕಪ್ ಎಷ್ಟು ಗುರು ನಿಮ್ದು?" ಅದು ಯುರೋಪಿನ ಕ್ಲಬ್ಬುಗಳ ದೊಡ್ಡ ಕಪ್ಪು, ಈಗಿನ ಚಾಂಪಿಯನ್ಸ್ ಲೀಗು. ಮೂರು ಅಂದ ಇವನು. "ನಮ್ದು ಎರಡು, 1979, 1980, ಹಿಂದಿಂದೆ. ಒಂದೇ ಕಪ್ ವ್ಯತ್ಯಾಸಕ್ಕೆ ಎದ್ದೇಳಕ್ಕಾಗಲ್ಲ. ಆರ್ಸೆನಲ್‌ನೋನ್ ಕೂತಿದಾನಲ್ಲ, 2006ರಲ್ಲಿ ಫೈನಲ್‌ಗೆ ಹೋಗಿ ಸೋತು ಬಂದೋರು, ಅವನನ್ನ ಎಬ್ಸು."

ಆಮೇಲೆ ಮ್ಯಾಚ್ ಯಾರೂ ನೋಡ್ಲಿಲ್ಲ.

ಕ್ಲಬ್ಬಿನ ಸೈಜು ಅಳೆಯೋದಿದ್ಯಲ್ಲ, ಅದು ನಮ್ಮ ಕಡೆ ಗಂಡಿನ ಮನೆಯವರು ಆಸ್ತಿ ಲೆಕ್ಕ ಹೇಳೋ ಥರಾನೇ. ಗದ್ದೆ ಇದ್ದೋನು ಎಕರೆ ಲೆಕ್ಕ ಹೇಳ್ತಾನೆ, ಗದ್ದೆ ಮಾರ್ಕೊಂಡೋನು ಮನೆತನ ಹೇಳ್ತಾನೆ, ಎರಡೂ ಇಲ್ದೋನು ಹುಡುಗನಿಗೆ ಒಳ್ಳೆ ಫ್ಯೂಚರ್ ಇದೆ ಅಂತಾನೆ. ಮ್ಯಾಂಚೆಸ್ಟರ್ ಸಿಟಿ ಹುಡುಗಂದು ಎಕರೆ ಲೆಕ್ಕ, ಆದ್ರೆ 2008ರಲ್ಲಿ ಅಬುಧಾಬಿ ದುಡ್ಡು ಬಂದಮೇಲಿನ ಪಹಣಿ ಮಾತ್ರ ತೋರಿಸ್ತಾನೆ, ಅದಕ್ಕೆ ಹತ್ತು ವರ್ಷ ಹಿಂದೆ ಮೂರನೇ ಡಿವಿಷನ್‌ನಲ್ಲಿ ಆಡ್ತಿದ್ದಿದ್ದು ಬೇರೆ ಯಾರೋ ಅನ್ನೋ ಥರ ಮುಖ ಮಾಡ್ತಾನೆ. ಯುನೈಟೆಡ್ ಹುಡುಗಂದು ಮನೆತನ, ಇಪ್ಪತ್ತು ಲೀಗು, ಕೊನೇದು 2013. ಆರ್ಸೆನಲ್ ಹುಡುಗಂದು ಫ್ಯೂಚರ್, ಅದು ಸುಮಾರು ವರ್ಷದಿಂದ ಬರ್ತಾನೇ ಇದೆ. ಟಾಟನ್‌ಹ್ಯಾಮ್‌ನೋನು ಸ್ಟೇಡಿಯಂ ಎಷ್ಟು ಚೆನ್ನಾಗಿದೆ ನೋಡಿ ಅಂತಾನೆ, ಅಂದ್ರೆ ಹುಡುಗ ಹೆಂಗೇ ಇರ್ಲಿ ಮನೆಗೆ ಮಾರ್ಬಲ್ ಹಾಕ್ಸಿದೀವಿ ಅಂತ. ಅವರು ಕೊನೇ ಸಲ ಲೀಗ್ ಗೆದ್ದಿದ್ದು 1961ರಲ್ಲಿ, ಆಗ ನಮ್ಮ ರಾಜ್ಯಕ್ಕೆ ಕರ್ನಾಟಕ ಅನ್ನೋ ಹೆಸರೇ ಬಂದಿರ್ಲಿಲ್ಲ.

ಇನ್ನು ಲಿವರ್‌ಪೂಲ್ ಹುಡುಗ. ಇವನು ಬಾಯಿ ಬಿಟ್ರೆ "ನಾವು". ನಾವು 2005ರಲ್ಲಿ ಇಸ್ತಾಂಬುಲ್‌ನಲ್ಲಿ ಹಾಫ್ ಟೈಮಿಗೆ ಮಿಲಾನ್ ಎದುರು ಮೂರು ಗೋಲು ಹಿಂದೆ ಇದ್ವಿ ಗುರು, ಆಮೇಲೆ ಹೆಂಗೆ ಹೊಡೆದ್ವಿ ಗೊತ್ತಾ ಅಂತ ಎದೆ ಉಬ್ಬಿಸ್ತಾನೆ. ಲೆಕ್ಕ ಹಾಕಿದ್ರೆ ಆಗ ಇವನಿಗೆ ನಾಲ್ಕು ವರ್ಷ, ಬೋಗಾದಿ ಅಂಗನವಾಡೀಲಿ ಉಪ್ಪಿಟ್ಟು ತಿಂತಾ ಇದ್ದ. ಇವನ ಕ್ಲಬ್ಬು ಹುಟ್ಟಿದ್ದು ಹೆಂಗೆ ಅಂತ ಇವನಿಗೆ ಹೇಳಿದ್ದೇ ಎವರ್ಟನ್ ಅಣ್ಣ. ಆನ್‌ಫೀಲ್ಡ್ ಗ್ರೌಂಡು ಮೊದಲು ಎವರ್ಟನ್‌ದು, ಬಾಡಿಗೆಗಿದ್ರು, ಓನರ್ ಜಾನ್ ಹೌಲ್ಡಿಂಗ್ ಅಂತ, ಬಾಡಿಗೆ ವಿಷಯಕ್ಕೆ ಜಗಳ ಆಗಿ ಎವರ್ಟನ್‌ನೋರು 1892ರಲ್ಲಿ ಖಾಲಿ ಮಾಡ್ಕೊಂಡು ಗುಡಿಸನ್ ಪಾರ್ಕಿಗೆ ಹೋದ್ರು, ಖಾಲಿ ಗ್ರೌಂಡ್ ಇಟ್ಕೊಂಡು ಏನು ಮಾಡ್ಲಿ ಅಂತ ಓನರ್ ತಾನೇ ಒಂದು ಟೀಮ್ ಕಟ್ಟಿದ, ಅದೇ ಲಿವರ್‌ಪೂಲ್. ಅಂದ್ರೆ ಮೈಸೂರಲ್ಲಿ ತಿಂಗಳಿಗೊಂದು ಬೀದಿಗೊಂದು ನಡೆಯೋ ಕಥೆ, ನಮ್ಮ ಓನರ್‌ಗಳು ಟೀಮ್ ಕಟ್ಟಲ್ಲ, ಸುಣ್ಣ ಬಣ್ಣಕ್ಕೆ ಅಂತ ಅಡ್ವಾನ್ಸ್ ಮುರ್ಕೊಂತಾರೆ ಅಷ್ಟೇ.

ನಾನೂ ಸುಮ್ನಿರಬಾರ್ದಲ್ಲ ಅಂತ ಕೇಳಿದೆ, ಹಿಸ್ಟರಿ ಹಿಸ್ಟರಿ ಅಂತೀರಲ್ಲ, ಕೋಲ್ಕತಾದ ಮೋಹನ್ ಬಗಾನ್ ಶುರುವಾಗಿದ್ದು 1889, ಲಿವರ್‌ಪೂಲ್‌ಗಿಂತ ಮೂರು ವರ್ಷ ದೊಡ್ಡದು, ಚೆಲ್ಸಿ 1905ರಲ್ಲಿ ಹುಟ್ಟಿದ ಮಗು, 1911ರಲ್ಲಿ ಬರಿಗಾಲಲ್ಲಿ ಆಡಿ ಬ್ರಿಟಿಷ್ ರೆಜಿಮೆಂಟ್ ಟೀಮನ್ನ ಸೋಲ್ಸಿದೋರು ಬಗಾನ್‌ನೋರು, ಮತ್ತೆ ಅವರ ಅಭಿಮಾನಿ ಒಬ್ಬನೂ ಇಲ್ಲಿಲ್ವಲ್ಲ? ಒಂದು ನಿಮಿಷ ರೂಮು ತಣ್ಣಗಾಯ್ತು. "ಅದು ಬೇರೆ ಬ್ರೋ" ಅಂದ ಚೆಲ್ಸಿ ಹುಡುಗ. ಹೋಗ್ಲಿ ಬೆಂಗಳೂರು ಎಫ್‌ಸಿ ಇದೆ, ಮೂರು ಗಂಟೆ ರೈಲು, 2013ರಲ್ಲಿ ಹುಟ್ಟಿ ಮೊದಲನೇ ಸೀಸನ್ನಲ್ಲೇ ದೇಶದ ಐ-ಲೀಗ್ ಗೆದ್ದೋರು, 2016ರಲ್ಲಿ ಏಷ್ಯಾದ ಎಎಫ್‌ಸಿ ಕಪ್ ಫೈನಲ್‌ಗೂ ಹೋದ್ರು ಅಂದೆ. "ಅಯ್ಯೋ ಅಷ್ಟು ದೂರ ಯಾರು ಹೋಗ್ತಾರೆ" ಅಂದ. ಮ್ಯಾಂಚೆಸ್ಟರ್ ಹತ್ರ ನೋಡಿ.

ಆಗ ನನ್ನ ಮೇಲೆ ತಿರುಗಿದ್ರು. "ನೀನು ಮಂಡ್ಯದೋನು, ನಿಮಗೇನು ಹಿಸ್ಟರಿ ಇದೆ, ಕಬ್ಬು ಬಿಟ್ರೆ?" ಅಂದ ಆರ್ಸೆನಲ್‌ನೋನು. ಲೇ ಮಗಾ, 1939ರಲ್ಲಿ ಮೈಸೂರು ಜಿಲ್ಲೆಯಿಂದ ಒಡ್ಕೊಂಡು ಬೇರೆ ಜಿಲ್ಲೆ ಆದೋರು ನಾವು, ನಿಮ್ಮ 2021ರ ಸೂಪರ್ ಲೀಗ್‌ಗಿಂತ 82 ವರ್ಷ ಮುಂಚೆನೇ ಬ್ರೇಕವೇ ಮಾಡಿದೋರು. ಹೋಗುವಾಗ ಬರಿಗೈಲಿ ಹೋದ್ವಾ? ನೀವು ನೆಂಟರು ಬಂದಾಗೆಲ್ಲಾ ನಮ್ಮ ಕೆಆರ್‌ಎಸ್ಸು ಅಂತ ಕರ್ಕೊಂಡು ಹೋಗ್ತೀರಲ್ಲ ಅದು ಮಂಡ್ಯ ಜಿಲ್ಲೆ. ಶ್ರೀರಂಗಪಟ್ಟಣ ಮಂಡ್ಯ ಜಿಲ್ಲೆ. ದಸರಾ ದಸರಾ ಅಂತ ಕುಣೀತೀರಲ್ಲ, 1610ರಲ್ಲಿ ರಾಜ ಒಡೆಯರು ಅದನ್ನ ಶುರು ಮಾಡಿದ್ದು ಎಲ್ಲಿ ಅಂದ್ಕೊಂಡಿದೀಯ, ಶ್ರೀರಂಗಪಟ್ಟಣದಲ್ಲಿ ಕಣ್ಲಾ. ಅಂದ್ರೆ ಟ್ರೋಫಿ ಎಲ್ಲಾ ನಮ್ಮ ಕ್ಯಾಬಿನೆಟ್‌ನಲ್ಲಿದೆ, ಸ್ಟೇಡಿಯಂ ಮಾತ್ರ ನಿಮ್ದು. ಹೇಳ್ತಾ ಹೇಳ್ತಾ ನನಗೇ ಗೊತ್ತಾಯ್ತು, ಅಣೆಕಟ್ಟಿಗೆ ನಾನೊಂದು ಕಲ್ಲು ಹೊತ್ತಿಲ್ಲ, ಆದ್ರೂ ಬಾಯಲ್ಲಿ "ನಾವು" ಅಂತಾನೇ ಬರ್ತಿದೆ.

ಈ ಸೂಪರ್ ಲೀಗ್ ಮರೆತೋರಿಗೆ ಸ್ವಲ್ಪ ಹೇಳ್ಬಿಡ್ತೀನಿ. 2021ರ ಏಪ್ರಿಲ್ 18, ಭಾನುವಾರ, ಯುರೋಪಿನ ಹನ್ನೆರಡು ದೊಡ್ಡ ಕ್ಲಬ್ಬುಗಳು, ಇಂಗ್ಲೆಂಡಿನ ಆರು, ಸ್ಪೇನು ಇಟಲಿ ಮೂರು ಮೂರು, ಬೇರೆ ಲೀಗ್ ಮಾಡ್ಕೊಂತೀವಿ ಅಂತ ಘೋಷಣೆ ಮಾಡಿದ್ವು. ಇಪ್ಪತ್ತು ಟೀಮು, ಅದರಲ್ಲಿ ಹದಿನೈದು ಪರ್ಮನೆಂಟು, ಎಷ್ಟೇ ಕೆಟ್ಟದಾಗಿ ಆಡಿದ್ರೂ ಯಾರೂ ಎಬ್ಬಿಸಂಗಿಲ್ಲ, ಐದು ಜಾಗ ಮಾತ್ರ ಬೇರೆಯವರಿಗೆ. ಬೀಗರ ಊಟದಲ್ಲಿ ಮೊದಲನೇ ಪಂಕ್ತೀಲಿ ಹದಿನೈದು ಎಲೆಗೆ ಸಾಯೋವರೆಗೂ ಹೆಸರು ಬರೆದಿಟ್ಟಂಗೆ, ಮಿಕ್ಕ ಊರೋರು ಐದು ಎಲೆಗೆ ಕಿತ್ತಾಡ್ಕೊಳಿ ಅಂತ. ಮಜಾ ಏನಂದ್ರೆ ಆ ಹನ್ನೆರಡರಲ್ಲಿ ಆರ್ಸೆನಲ್, ಟಾಟನ್‌ಹ್ಯಾಮ್, ಸಿಟಿ, ಅಟ್ಲೆಟಿಕೊ ಮ್ಯಾಡ್ರಿಡ್ ನಾಲ್ಕೂ ಅವತ್ತಿನ ತನಕ ಒಂದೇ ಒಂದು ಯುರೋಪಿಯನ್ ಕಪ್ ಎತ್ತಿರ್ಲಿಲ್ಲ, ನಾಲ್ಕು ಎತ್ತಿದ್ದ ಅಯಾಕ್ಸ್ ಹೆಸರು ಲಿಸ್ಟಲ್ಲಿರ್ಲಿಲ್ಲ. ಈ ಲೀಗಿನ ಅಧ್ಯಕ್ಷರಾಗಿದ್ದ ರಿಯಲ್ ಮ್ಯಾಡ್ರಿಡ್‌ನ ಪೆರೆಜ್ ಟೀವೀಲಿ ಬಂದು ಇದೆಲ್ಲಾ ಫುಟ್ಬಾಲ್ ಉಳಿಸೋಕೆ ಅಂದ್ರು. ಯುವೆಂಟಸ್ ಕ್ಲಬ್ಬಿನ ಆಗಿನ ಅಧ್ಯಕ್ಷ ಆಗ್ನೆಲ್ಲಿ ಅಂತೂ ಯುರೋಪಿನ ಫುಟ್ಬಾಲ್ ಆಳೋ ಸಂಸ್ಥೆ ಯುಎಫಾದ ಅಧ್ಯಕ್ಷ ಚೆಫೆರಿನ್ ಮಗಳಿಗೆ ಗಾಡ್‌ಫಾದರ್ ಆಗಿ ನಿಂತಿದ್ದ ಮನುಷ್ಯ, ಘೋಷಣೆಗೆ ಮುಂಚೆ ಫೋನ್ ಸ್ವಿಚ್ ಆಫ್ ಮಾಡ್ಕೊಂಡು ಕೂತ. ನಮ್ಮಲ್ಲಿ ಚೀಟಿ ದುಡ್ಡು ಎತ್ಕೊಂಡ ಭಾವಮೈದನೂ ಮೊದಲು ಮಾಡೋದು ಅದನ್ನೇ.

ಇಂಗ್ಲೆಂಡಲ್ಲಿ ಜನ ಬೀದಿಗೆ ಬಂದ್ರು, ಮಂಗಳವಾರ ಚೆಲ್ಸಿ ಸ್ಟೇಡಿಯಂ ಮುಂದೆ ಬಸ್ ಅಡ್ಡ ಹಾಕಿದ್ರು, ಗೋಲ್‌ಕೀಪರ್ ಆಗಿದ್ದ ಪೀಟರ್ ಚೆಕ್ ಆಚೆ ಬಂದು ಟೈಮ್ ಕೊಡ್ರಪ್ಪಾ ಅಂತ ಕೈ ಮುಗಿಯೋ ಪರಿಸ್ಥಿತಿ, ರಾತ್ರಿ ಆಗೋದ್ರೊಳಗೆ ಆರೂ ಇಂಗ್ಲಿಷ್ ಕ್ಲಬ್ಬು ಬಾಲ ಮುದುರ್ಕೊಂಡು ವಾಪಸ್, ಆಮೇಲೆ ತಪ್ಪಾಯ್ತು ಅಂತ ಪ್ರೀಮಿಯರ್ ಲೀಗ್‌ಗೆ ಎಲ್ಲಾ ಸೇರಿ 22 ಮಿಲಿಯನ್ ಪೌಂಡ್ ಕಟ್ಟಿದ್ರು. ಆದ್ರೆ ಇಲ್ಲೊಂದು ಮಾತು. ಅವತ್ತು ಎದೆ ಎದೆ ಬಡ್ಕೊಂಡ ಪ್ರೀಮಿಯರ್ ಲೀಗ್ ಹುಟ್ಟಿದ್ದೇ ಹೆಂಗೆ? 1992ರಲ್ಲಿ 22 ಕ್ಲಬ್ಬು ಟೀವಿ ದುಡ್ಡಿಗೋಸ್ಕರ ಹಳೇ ಫುಟ್ಬಾಲ್ ಲೀಗಿಂದ ಬೇರೆ ಹೋಗಿ. ಹೆಂಡ್ತಿ ಕಟ್ಕೊಂಡು ಬೇರೆ ಮನೆ ಮಾಡಿದೋನು ಈಗ ಮಗ ಬೇರೆ ಮನೆ ಮಾಡ್ತೀನಿ ಅಂದ್ರೆ ಕೂಡು ಕುಟುಂಬದ ಸಂಸ್ಕೃತಿ ಹಾಳಾಯ್ತು ಅಂತ ಅಳ್ತಾನೆ. ಯುಎಫಾನೂ ಅಷ್ಟೇ, ದುರಾಸೆ ದುರಾಸೆ ಅಂತ ಬೈದು ಮೂರು ವರ್ಷ ಬಿಟ್ಟು ತನ್ನ ಚಾಂಪಿಯನ್ಸ್ ಲೀಗನ್ನೇ 36 ಟೀಮಿಗೆ ಏರಿಸ್ತು. ಒಡ್ಕೊಂಡು ಹೋಗೋರು ಬಿಟ್ರಾ, 2023ರ ಡಿಸೆಂಬರ್‌ನಲ್ಲಿ ಯುರೋಪಿನ ಕೋರ್ಟು ಯುಎಫಾ ರೂಲ್ಸ್ ಕಾನೂನಿಗೆ ವಿರುದ್ಧ ಅಂದಮೇಲೆ ಮತ್ತೆ ಎದ್ದರು, ಮುಂದಿನ ವರ್ಷ ಯೂನಿಫೈ ಲೀಗ್ ಅಂತ ಹೊಸ ಹೆಸರಿಟ್ಕೊಂಡು ಬಂದ್ರು. ಒಡೆಯೋ ಲೀಗಿನ ಹೆಸರು ಒಂದಾಗೋಣ ಅಂತ, ನಮ್ಮ ಊರಿನ ರಾಜಕೀಯದೋರ ಹತ್ರ ಟ್ಯೂಷನ್ ತಗೊಂಡಿರ್ಬೇಕು.

2021ರಲ್ಲಿ ನಮ್ಮ ರೂಮಿನ ಒಬ್ಬೊಬ್ಬನೂ ಕ್ರಾಂತಿಕಾರಿ. ಕೋವಿಡ್ ಎರಡನೇ ಅಲೆ, ಎಲ್ಲರೂ ಮನೇಲಿ, ಫುಟ್ಬಾಲ್ ಬಡವರ ಆಟ ಅಂತ ಸ್ಟೇಟಸ್ಸೋ ಸ್ಟೇಟಸ್ಸು. ಅದೇ ಮಹನೀಯರು, ಬಿಗ್ ಸಿಕ್ಸ್ ಅಂದ್ರೆ ಆ ಆರು ಇಂಗ್ಲಿಷ್ ಕ್ಲಬ್ಬಿನ ಅಭಿಮಾನಿಗಳು ಒಂಬತ್ತು ಜನ, ಮೊನ್ನೆ ಭಾನುವಾರ ರಾತ್ರಿ ಗ್ರೂಪಲ್ಲಿ ಒಂದು ಮೆಸೇಜ್ ಹಾಕಿದ್ರು. ಇನ್ಮೇಲೆ ಒಂಬತ್ತು ಚೇರು ಹಿಸ್ಟರಿ ಇರೋ ಕ್ಲಬ್ಬಿನೋರಿಗೆ ಪರ್ಮನೆಂಟು. ಉಳಿದ ಮೂರು ಚೇರಿಗೆ ಉಳಿದ ಐದು ಜನ ಕ್ವಾಲಿಫೈ ಆಗ್ಬೇಕು, ಅರ್ಹತೆ ಏನಪ್ಪಾ ಅಂದ್ರೆ ಕೆಳಗಿನ ಅಂಗಡಿಯಿಂದ ಟೀ ತರೋದು. ರೂಮಿನ ಒಳ್ಳೇದಕ್ಕೇ ಇದೆಲ್ಲಾ ಅಂತ ಕೊನೇಲಿ ಕೈ ಮುಗಿಯೋ ಇಮೋಜಿ.

ಫಾರೆಸ್ಟ್ ಹುಡುಗ "ಏನ್ ಗುರು ಇದು" ಅಂತ ಒಂದು ಸಾಲು ಹಾಕಿದ. ಎವರ್ಟನ್ ಅಣ್ಣ ಏನೂ ಹಾಕ್ಲಿಲ್ಲ. ಸೋಮವಾರ ಹೋಗಿ ನೋಡಿದ್ರೆ ಲಿವರ್‌ಪೂಲ್ ಹುಡುಗ ಮಾವನ ಲಗೇಜ್ ಆಟೋ ತಂದು ಹನ್ನೆರಡೂ ಚೇರು ಎತ್ಕೊಂಡು ಹೋಗಿದ್ದ, ನಮಗೆ ಬೇರೆ ಜಾಗ ಇದೆ ಅಂತ. ಜಾಗ ಅಂದ್ರೆ ಮಾವನ ಗೋಡೌನು, ಪಾತ್ರೆ, ಕಂಬ, ಮದ್ವೆ ಕಮಾನು ಮಧ್ಯ. ಎವರ್ಟನ್ ಅಣ್ಣ ಚಾಪೆ ಕೊಡವ್ತಾ, "1892ರಲ್ಲಿ ನಾವು ಖಾಲಿ ಮಾಡಿದ್ವಿ, ಈ ಸಲ ಅವರೇ ಮಾಡ್ಲಿ ಬುಡಪ್ಪಾ, ಟೀವಿ ನಂದು" ಅಂದ್ರು.

ಮಂಗಳವಾರ ಮಧ್ಯರಾತ್ರಿ ಚಾಂಪಿಯನ್ಸ್ ಲೀಗು. ಗೋಡೌನಲ್ಲಿ ಒಂಬತ್ತು ಜನ ಹನ್ನೆರಡು ಚೇರಲ್ಲಿ ಕಾಲು ಚಾಚ್ಕೊಂಡು, ಟೀ ಫ್ಲಾಸ್ಕಿಗೆ ಒರಗಿಸಿಟ್ಟ ಒಂದು ಮೊಬೈಲಲ್ಲಿ ನೋಡೋಕೆ ಕೂತರಂತೆ. ಬಾಲ್ ಕಾಣಲ್ಲ, ಹಿಂದಿನ ಸಾಲಿಗೆ ಮೊಬೈಲೇ ಕಾಣಲ್ಲ, ಮುಂದಿನ ಸಾಲು ಯಾರದು ಅಂತ ಮತ್ತೆ ಕ್ಲಬ್ ಸೈಜು ಶುರುವಾಯ್ತು, ಟಾಟನ್‌ಹ್ಯಾಮ್‌ನೋನು ಬಿಗ್ ಸಿಕ್ಸ್ ಹೌದೋ ಅಲ್ವೋ ಅಂತ ವೋಟಿಂಗ್ ಆಯ್ತಂತೆ, ಅಷ್ಟರಲ್ಲಿ ಡೇಟಾ ಖಾಲಿ. ಇಲ್ಲಿ ನಾವು ಐದು ಜನ 43 ಇಂಚಿನ ಮುಂದೆ ಚಾಪೆ ಮೇಲೆ ಮಲ್ಕೊಂಡು ಓನರ್ ಆಂಟಿ ಕೊಟ್ಟ ಹಪ್ಪಳ ಮುರೀತಾ ಇದ್ವಿ.

ಹಾಫ್ ಟೈಮಿಗೆ ಮೆಟ್ಟಿಲಲ್ಲಿ ಚೇರು ಎಳೆಯೋ ಸದ್ದು. ಮೊದಲು ಸಿಟಿ, ಆಮೇಲೆ ಚೆಲ್ಸಿ, ಹಿಂದೆ ಮಿಕ್ಕೋರು, ನಮಗೆ ಮುಂಚಿಂದಾನೂ ಮನಸ್ಸಿರ್ಲಿಲ್ಲ ಅಂತ ಒಬ್ಬೊಬ್ಬನೂ. ಎವರ್ಟನ್ ಅಣ್ಣ ಒಂದು ಕೇಜಿ ಮೈಸೂರ್ ಪಾಕು ದಂಡ ಹಾಕಿದ್ರು, ತುಪ್ಪದ್ದು, ಡಾಲ್ಡಾ ನಡೆಯಲ್ಲ ಅಂತ. ಹೋಗಿದ್ದು ಹನ್ನೆರಡು ಚೇರು, ಬಂದಿದ್ದೂ ಹನ್ನೆರಡೇ, ಆದ್ರೆ ಆಟೋದಿಂದ ಇಳಿಸುವಾಗ ಒಂದರ ಕಾಲು ಸೀಳಿದೆ. ಅದನ್ನ ಟಾಟನ್‌ಹ್ಯಾಮ್ ಹುಡುಗನಿಗೆ ಕೊಟ್ಟಿದೀವಿ. ಗೋಡೆಗೆ ಒರಗಿಸ್ಕೊಂಡು ಬ್ಯಾಲೆನ್ಸ್ ಮಾಡ್ತಾ ಕೂತಿದಾನೆ, ಏನೂ ತೊಂದ್ರೆ ಇಲ್ಲ ಬ್ರೋ ಅಂತಾನೆ, 1961ರಿಂದ ಅಭ್ಯಾಸ ಆಗಿದೆಯಂತೆ.