ನಾರ್ಮಂಡಿಗೆ ಮೊದಲಿನ ಜಗಳಗಳು

1944ರ ಜೂನ್ 6ರಂದು ಜರ್ಮನ್ನರ ವಶದಲ್ಲಿದ್ದ ಫ್ರಾನ್ಸಿನ ನಾರ್ಮಂಡಿ ತೀರದಲ್ಲಿ ಮಿತ್ರಪಡೆಗಳು ಇಳಿದು ನಡೆಸಿದ ದಾಳಿಯನ್ನು ಬಣ್ಣಿಸುವವರು ಬಹಳ ಮಂದಿ ಇದ್ದಾರೆ. ಅದಕ್ಕೂ ಮೊದಲು ಬ್ರಿಟಿಷರು ಮತ್ತು ಅಮೆರಿಕನ್ನರು ತಿಂಗಳುಗಟ್ಟಲೆ ಪರಸ್ಪರ ನಡೆಸಿದ ವಾಗ್ವಾದಗಳಿಗೆ ಅಷ್ಟು ಗಮನ ಸಿಗುವುದಿಲ್ಲ. ಆ ಗೆಲುವಿಗೆ ತಳಪಾಯ ಬಿದ್ದದ್ದು ಆ ವಾಗ್ವಾದಗಳಲ್ಲೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಬಾಯಿಬಿಟ್ಟು ವಾದಿಸಿದ ಕಡೆಯಲ್ಲೆಲ್ಲ ಯೋಜನೆ ಗಟ್ಟಿಯಾಯಿತು. ಮಾತು ಮುಗಿಸದೆ ಬಿಟ್ಟ ಕಡೆ ಬೆಲೆ ತೆರಬೇಕಾಯಿತು.

1943ರ ಮಾರ್ಚ್‌ನಲ್ಲಿ ಬ್ರಿಟನ್ನಿನ ಲೆಫ್ಟಿನೆಂಟ್ ಜನರಲ್ ಫ್ರೆಡರಿಕ್ ಮಾರ್ಗನ್ ಅವರಿಗೆ ಯೋಜನೆಯ ಹೊಣೆ ವಹಿಸಿದಾಗ ಮಹಾದಂಡನಾಯಕರ ನೇಮಕವೇ ಆಗಿರಲಿಲ್ಲ. ಇನ್ನೂ ಬಾರದ ದಂಡನಾಯಕನ ಪರವಾಗಿ ಕೆಲಸ ಮಾಡುವ ಅಧಿಕಾರಿ ಹೆಚ್ಚು ಹಡಗು ಕೊಡಿ ಎಂದು ಪಟ್ಟು ಹಿಡಿಯುವುದಾದರೂ ಹೇಗೆ? ಸಿಕ್ಕಷ್ಟು ಹಡಗುಗಳಿಗೆ ತಕ್ಕಂತೆ ಅವರು ಮೂರು ಡಿವಿಷನ್‌ಗಳ (ಸಾವಿರಾರು ಸೈನಿಕರ ದೊಡ್ಡ ಸೇನಾ ವಿಭಾಗಗಳ) ದಾಳಿಯನ್ನು ರೂಪಿಸಿದರು. ಆ ವರ್ಷದ ಕೊನೆಗೆ ಟೆಹರಾನ್‌ನಲ್ಲಿ ಸ್ಟಾಲಿನ್, ದಂಡನಾಯಕ ಯಾರು ಎಂದು ನೇರವಾಗಿಯೇ ಕೇಳಿದರು, ಉತ್ತರ ಸಿದ್ಧವಿರಲಿಲ್ಲ. ಚರ್ಚಿಲ್ ಆ ಹುದ್ದೆಯನ್ನು ಬ್ರಿಟಿಷ್ ಸೇನೆಯ ಮುಖ್ಯಸ್ಥ ಆಲನ್ ಬ್ರೂಕ್ ಅವರಿಗೆ ಕೊಡುವುದಾಗಿ ಮಾತು ಕೊಟ್ಟಿದ್ದರೂ, ಕಾಲಕ್ರಮೇಣ ಅಮೆರಿಕನ್ ಸೈನಿಕರೇ ಹೆಚ್ಚಾಗಲಿದ್ದುದರಿಂದ ಅದನ್ನು ಬಿಟ್ಟುಕೊಡಬೇಕಾಯಿತು. ಡಿಸೆಂಬರ್‌ನಲ್ಲಿ ಅಮೆರಿಕದ ಅಧ್ಯಕ್ಷ ರೂಸ್ವೆಲ್ಟ್ ತಮ್ಮ ಜನರಲ್ ಐಸೆನ್‌ಹೋವರ್ ಅವರನ್ನು ಆರಿಸಿದರು. ಅವರ ಕೆಳಗೆ ದಾಳಿಯ ಭೂಸೇನೆಗೆ ಮಾಂಟ್‌ಗೊಮರಿ, ನೌಕಾಪಡೆಗೆ ರ‍್ಯಾಮ್ಸೆ, ವಾಯುಪಡೆಗೆ ಲೀ-ಮ್ಯಾಲರಿ, ಹೀಗೆ ಮೂವರೂ ಬ್ರಿಟಿಷರೇ ಬಂದರು. ಇದು ಎರಡೂ ಕಡೆಯವರು ಚೆನ್ನಾಗಿ ತೂಗಿ ಮಾಡಿಕೊಂಡ ಹಂಚಿಕೆ.

ಐಸೆನ್‌ಹೋವರ್ ಮತ್ತು ಮಾಂಟ್‌ಗೊಮರಿ ಇಬ್ಬರೂ ಮೂರು ಡಿವಿಷನ್‌ಗಳು ಸಾಲವು, ಐದಾದರೂ ಬೇಕು ಎಂದರು. ಆಗ ನಿಜವಾದ ಚೌಕಾಸಿ ಶುರುವಾಯಿತು. ಟ್ಯಾಂಕುಗಳನ್ನು ಹೊತ್ತು ನೇರವಾಗಿ ದಡಕ್ಕೇ ಬಂದು ಬಾಯಿ ತೆರೆಯುವ ಹಡಗುಗಳು ಇಟಲಿಗೂ ಬೇಕಿದ್ದವು, ಪೆಸಿಫಿಕ್‌ಗೂ ಬೇಕಿದ್ದವು. ಇನ್ನೊಂದು ತಿಂಗಳ ಉತ್ಪಾದನೆ ಕೈಗೆ ಸಿಗಲೆಂದು ದಾಳಿಯನ್ನು ಮೇ ತಿಂಗಳಿಂದ ಜೂನ್‌ಗೆ ತಳ್ಳಿದರು. ಅದರ ಜೊತೆಯಲ್ಲೇ ನಡೆಯಬೇಕಿದ್ದ ದಕ್ಷಿಣ ಫ್ರಾನ್ಸ್‌ನ ದಾಳಿಯನ್ನು ಕೈಬಿಡಬೇಕೆಂದು ಬ್ರಿಟಿಷರು, ಬಿಡಕೂಡದೆಂದು ಅಮೆರಿಕನ್ನರು ಹಟ ಹಿಡಿದು, ಕೊನೆಗೆ ಅದು ಆಗಸ್ಟ್ 15ಕ್ಕೆ ಹೋಯಿತು.

ಯಾವ ತೀರ ಯಾರಿಗೆ ಎಂಬುದನ್ನು ಪ್ರತಿಷ್ಠೆಗಿಂತ ಶಿಬಿರಗಳೇ ನಿರ್ಧರಿಸಿದವು. ಅಮೆರಿಕನ್ ಪಡೆಗಳು ಇಂಗ್ಲೆಂಡಿನ ನೈಋತ್ಯದಲ್ಲಿ ಬೀಡುಬಿಟ್ಟಿದ್ದವು. ಆದ್ದರಿಂದ ಪಶ್ಚಿಮದ ಯೂಟಾ ಮತ್ತು ಒಮಾಹಾ ಅವರ ಪಾಲಾದವು, ಪೂರ್ವದ ಮೂರು ತೀರಗಳು ಬ್ರಿಟಿಷರು ಮತ್ತು ಕೆನಡಿಯನ್ನರಿಗೆ ಹೋದವು. ಅದೇ ಸಾಲಿನಲ್ಲಿ ಮುಂದುವರಿದ ಅಮೆರಿಕನ್ನರು ದಕ್ಷಿಣ ಜರ್ಮನಿಯನ್ನು ತಲುಪಿದರು. ವಾಯವ್ಯ ಜರ್ಮನಿಯೇ ತಮಗೆ ಬೇಕೆಂದು ರೂಸ್ವೆಲ್ಟ್ ಬಹುಕಾಲ ಪಟ್ಟು ಹಿಡಿದರೂ ನಕ್ಷೆ ಬದಲಾಗಲಿಲ್ಲ.

ಅತ್ಯಂತ ಕಟುವಾದ ಜಗಳ ನಡೆದದ್ದು ಬಾಂಬರ್ ವಿಮಾನಗಳ ವಿಷಯದಲ್ಲಿ. ಫ್ರಾನ್ಸಿನ ರೈಲುಮಾರ್ಗಗಳನ್ನು ಒಡೆಯಬೇಕೆಂದು ಐಸೆನ್‌ಹೋವರ್ ಕೇಳಿದರೆ, ತಮ್ಮ ವಿಮಾನಗಳು ಜರ್ಮನಿಯ ಮೇಲೇ ಇರಬೇಕೆಂದು ಬ್ರಿಟಿಷ್ ಬಾಂಬರ್ ಪಡೆಯ ಹ್ಯಾರಿಸ್ ಮತ್ತು ಅಮೆರಿಕನ್ ಬಾಂಬರ್ ಪಡೆಯ ಸ್ಪಾಟ್ಸ್ ವಾದಿಸಿದರು. ಫ್ರೆಂಚ್ ನಾಗರಿಕರ ಸಾವು ಚರ್ಚಿಲ್ ಅವರನ್ನು ಕಾಡಿತು. ಐಸೆನ್‌ಹೋವರ್ ರಾಜೀನಾಮೆಯ ಮಾತೆತ್ತುವವರೆಗೂ ಇದು ಹೋಯಿತು. ನಾಗರಿಕರು ಸತ್ತದ್ದು ನಿಜ, ಅದು ನನ್ನನ್ನೂ ಕಲಕುತ್ತದೆ. ಆದರೆ ಸೇತುವೆಗಳೂ ರೈಲುನಿಲ್ದಾಣಗಳೂ ನೆಟ್ಟಗಿದ್ದಿದ್ದರೆ ಜರ್ಮನ್ ಮೀಸಲು ಪಡೆಗಳು ಇನ್ನೂ ಬೇಗ ತೀರಕ್ಕೆ ಬರುತ್ತಿದ್ದವು.

ಮಾತು ಮುಗಿಸದೆ ಬಿಟ್ಟುದರ ಪರಿಣಾಮ ಏಪ್ರಿಲ್ 28ರ ರಾತ್ರಿ ಕಂಡಿತು. ಇಂಗ್ಲೆಂಡಿನ ಸ್ಲ್ಯಾಪ್ಟನ್ ತೀರದ ತಾಲೀಮಿಗಾಗಿ ಸಾಗುತ್ತಿದ್ದ ಅಮೆರಿಕನ್ ಹಡಗುಗಳಿಗೆ ಕಾವಲಾಗಬೇಕಿದ್ದ ಬ್ರಿಟಿಷ್ ಡಿಸ್ಟ್ರಾಯರ್ ಡಿಕ್ಕಿಯಿಂದ ಹಾನಿಗೊಂಡು ಬಂದರಿನಲ್ಲೇ ಉಳಿದಿತ್ತು. ಆ ಸುದ್ದಿ ಅಮೆರಿಕನ್ನರಿಗೆ ಸಕಾಲಕ್ಕೆ ಮುಟ್ಟಲಿಲ್ಲ. ರೇಡಿಯೊ ಆವರ್ತನವನ್ನು ಆದೇಶದಲ್ಲಿ ತಪ್ಪಾಗಿ ಬರೆದದ್ದರಿಂದ ಎಚ್ಚರಿಕೆಯೂ ಕೇಳಿಸಲಿಲ್ಲ. ಜರ್ಮನ್ ಟಾರ್ಪಿಡೊ ದೋಣಿಗಳು ನುಗ್ಗಿ, ಸುಮಾರು 750 ಮಂದಿ ಸತ್ತರು.

ಇನ್ನು ಯಾರ ನೆಲದ ಮೇಲೆ ಈ ದಾಳಿಯೋ ಆ ಫ್ರಾನ್ಸಿಗೆ ಚರ್ಚೆಯಲ್ಲಿ ಜಾಗವೇ ಇರಲಿಲ್ಲ. ಸ್ವತಂತ್ರ ಫ್ರಾನ್ಸಿನ ನಾಯಕ ಡಿ ಗಾಲ್ ಅವರಿಗೆ ಯೋಜನೆಯನ್ನು ತಿಳಿಸಿದ್ದು ಜೂನ್ 4ರಂದು. ಅವರನ್ನು ಕೇಳದೆಯೇ ಫ್ರೆಂಚ್ ಹಣದ ನೋಟುಗಳನ್ನು ಅಮೆರಿಕದಲ್ಲಿ ಮುದ್ರಿಸಿಯೂ ಆಗಿತ್ತು. ಗುಟ್ಟು ಕಾಯುವುದು ಬೇರೆ, ಒಂದು ದೇಶದ ಆಡಳಿತವನ್ನು ಆ ದೇಶದವರಿಲ್ಲದೆ ಗೊತ್ತುಮಾಡುವುದು ಬೇರೆ; ಎರಡನೆಯದಕ್ಕೆ ಯಾವ ಸಮರ್ಥನೆಯೂ ನನಗೆ ಕಾಣುವುದಿಲ್ಲ. ಜೂನ್ 14ರಂದು ಡಿ ಗಾಲ್ ಬಾಯೋ ಪಟ್ಟಣಕ್ಕೆ ಹೋಗಿ, ಜನರ ನಡುವೆ ನಡೆದು, ತಮ್ಮದೇ ಅಧಿಕಾರಿಯನ್ನು ಅಲ್ಲಿ ನೇಮಿಸಿದರು. ಮಿತ್ರಪಡೆಗಳ ಸೇನಾಧಿಕಾರಿಗಳು ಆತನೊಂದಿಗೇ ವ್ಯವಹರಿಸತೊಡಗಿದರು. ವಾಷಿಂಗ್ಟನ್ ಡಿ ಗಾಲ್ ಅವರ ಸರ್ಕಾರಕ್ಕೆ ಅಧಿಕೃತ ಮಾನ್ಯತೆ ಕೊಡಲು ಅಕ್ಟೋಬರ್‌ವರೆಗೆ ಕಾಯಿತು.