ನಂತರ ರಸಮಂಜರಿ

ನಾಡಗೀತೆಯನ್ನು ಯಾವ ಧಾಟಿಯಲ್ಲಿ, ಎಷ್ಟು ಹೊತ್ತು ಹಾಡಬೇಕೆಂದು ವರ್ಷಗಟ್ಟಲೆ ಜಗ್ಗಾಡಿದ ಮೇಲೆ 2022ರಲ್ಲಿ ಸರ್ಕಾರ ಆದೇಶ ಹೊರಡಿಸಿತು: ಮೈಸೂರು ಅನಂತಸ್ವಾಮಿಯವರ ಧಾಟಿ, 2 ನಿಮಿಷ 30 ಸೆಕೆಂಡು. ಕುವೆಂಪು ಅವರ ಕೈಗೇ ಗಡಿಯಾರ ಕಟ್ಟಿದೆವು. ಅದೇ ವೇದಿಕೆಯಲ್ಲಿ ನಾಡಗೀತೆ ಮುಗಿಯುತ್ತಿದ್ದಂತೆ ‘ಎರಡೇ ಎರಡು ಮಾತಾಡಿ ಮುಗಿಸ್ತೀನಿ’ ಎಂದು ಮೈಕ್ ಹಿಡಿಯುವ ಮಹನೀಯರಿಗೆ ಮಾತ್ರ ಇಂದಿಗೂ ಯಾವ ಆದೇಶವೂ ಇಲ್ಲ.

ನಾನು ಬಡಾವಣೆಗಳ ರಾಜ್ಯೋತ್ಸವಗಳಲ್ಲಿ ಕೀಬೋರ್ಡ್ ನುಡಿಸುವವನು. ಬೆಂಗಳೂರಿನಲ್ಲಿ ನವೆಂಬರ್ 1 ಎಂಬ ದಿನಾಂಕ ಜನವರಿಯವರೆಗೂ ಬರುತ್ತಲೇ ಇರುವುದರಿಂದ ಕೆಲಸಕ್ಕೆ ಬರವಿಲ್ಲ. ಬರವಿರುವುದು ನುಡಿಸುವುದಕ್ಕೆ.

ಆಹ್ವಾನ ಪತ್ರಿಕೆಯನ್ನೇ ನೋಡಿ. ದಿವ್ಯ ಸಾನ್ನಿಧ್ಯ, ಘನ ಉಪಸ್ಥಿತಿ, ಉದ್ಘಾಟನೆ, ಧ್ವಜಾರೋಹಣ, ಅಧ್ಯಕ್ಷತೆ, ಮುಖ್ಯ ಅತಿಥಿಗಳು, ವಿಶೇಷ ಆಹ್ವಾನಿತರು. ಇಲ್ಲೆಲ್ಲೂ ಜಾಗ ಸಿಗದೆ ಮುನಿಸಿಕೊಂಡವರಿಗೆ ಗೌರವ ಉಪಸ್ಥಿತಿ. ಹಿಂಬದಿಯಲ್ಲಿ, ಪ್ರಿಂಟಿಂಗ್ ಪ್ರೆಸ್ಸಿನ ಹೆಸರಿಗಿಂತ ಒಂದೇ ಸಾಲು ಮೇಲೆ, ‘ನಂತರ ರಸಮಂಜರಿ’. ಯಾರಿಂದ ಎಂದು ಕೇಳಬೇಡಿ. ಫ್ಲೆಕ್ಸಿನಲ್ಲಿ ಶುಭ ಕೋರುವ ಅಷ್ಟೂ ಮುಖಗಳ ನಡುವೆ ಹಾಡುವವರದ್ದು ಒಂದೂ ಇಲ್ಲ. ಇದಕ್ಕೆ ನನ್ನ ತಕರಾರಿಲ್ಲ. ಮರುದಿನ ಯಾರಾದರೂ ಬೈಯಬೇಕೆಂದರೂ ಗುರುತು ಸಿಗುವುದಿಲ್ಲ.

ದುಡ್ಡಿನ ಮಾತು ಫೋನಿನಲ್ಲೇ ಆಗಿರುತ್ತದೆ. ‘ಕನ್ನಡದ ಕೆಲಸ ಸಾರ್, ಸ್ವಲ್ಪ ನೋಡ್ಕೊಂಡು ಹೇಳಿ.’ ಶಾಮಿಯಾನದವರು, ಜನರೇಟರಿನವರು, ಹೂವಿನವರು ಮಾಡುವುದು ಯಾವ ಭಾಷೆಯ ಕೆಲಸವೋ, ಅವರು ಅಡ್ವಾನ್ಸ್ ಇಲ್ಲದೆ ಗಾಡಿಯಿಂದ ಒಂದು ಕುರ್ಚಿಯನ್ನೂ ಇಳಿಸುವುದಿಲ್ಲ. ನಮಗೆ ಮಾತ್ರ ಕಾರ್ಯಕ್ರಮ ಮುಗಿದ ಮೇಲೆ ಖಜಾಂಚಿಯವರನ್ನು ಹುಡುಕುವ ಯೋಗ. ಸಂಜೆಯಿಡೀ ವೇದಿಕೆಯ ಮುಂದೆ ಓಡಾಡುತ್ತಿದ್ದ ಮನುಷ್ಯ, ನಾವು ವೈರು ಸುತ್ತುವಷ್ಟರಲ್ಲಿ ಅರ್ಜೆಂಟಾಗಿ ಊರಿಗೆ ಹೋಗಿರುತ್ತಾರೆ. ಬದಲಿಗೆ ಒಂದು ಶಾಲು, ಪ್ಲಾಸ್ಟಿಕ್ ಹೊದ್ದ ಹಣ್ಣಿನ ಬುಟ್ಟಿ. ಬುಟ್ಟಿಯನ್ನು ಫೋಟೋ ಆದ ಮೇಲೆ ವಾಪಸು ಕೇಳಿದವರೂ ಇದ್ದಾರೆ, ಮುಂದಿನ ಸನ್ಮಾನಕ್ಕೆ ಕಮ್ಮಿ ಬಿತ್ತಂತೆ.

‘ನಾಲ್ಕು ಗಂಟೆಗೇ ಬಂದ್ಬಿಡಿ, ಸೌಂಡ್ ಚೆಕ್ ಮಾಡ್ಕೊಳ್ಳಿ’ ಎಂದಿರುತ್ತಾರೆ. ನಾಲ್ಕಕ್ಕೆ ಹೋದರೆ ವೇದಿಕೆ ಇನ್ನೂ ಹಲಗೆಯ ರೂಪದಲ್ಲಿ ಟೆಂಪೋದಲ್ಲಿರುತ್ತದೆ. ಆರೂವರೆಗೆ ಸೌಂಡಿನ ಹುಡುಗ ಬಂದು ‘ಹಲೋ, ಒನ್ ಟೂ ತ್ರೀ’ ಅನ್ನುತ್ತಾನೆ. ಅವನು ನಾಲ್ಕು ಅಂದದ್ದನ್ನು ನಾನು ಕೇಳಿಲ್ಲ. ನಿರೂಪಕಿಗೆ ಎಕೋ ಇಷ್ಟವೆಂದು ಗುಂಡಿಯನ್ನು ಕೊನೆಯವರೆಗೂ ತಿರುಗಿಸಿ ಬಿಟ್ಟಿರುತ್ತಾನೆ. ‘ಬಂಧುಗಳೇ’ ಅಂದರೆ ಗಳೇ, ಳೇ, ಏ ಎಂದು ಎದುರಿನ ಕಟ್ಟಡಕ್ಕೆ ಬಡಿದು ಬರುತ್ತದೆ. ಆ ಎಕೋದಲ್ಲೇ ಭಾವಗೀತೆ ಹಾಡಬೇಕು. ಹಾಡುವವರಿಗೆ ತಮ್ಮ ದನಿ ತಮಗೇ ಕೇಳಲೆಂದು ಇಡುವ ಮಾನಿಟರ್ ಸ್ಪೀಕರನ್ನು ಗಣ್ಯರ ಕಡೆ ತಿರುಗಿಸಿ, ಅದರ ಮೇಲೆ ಹೂಕುಂಡ ಇಟ್ಟಿರುತ್ತಾರೆ. ಗಣ್ಯರಿಗೆ ತಮ್ಮ ದನಿ ಕೇಳದಿದ್ದರೆ ಹೇಗೆ?

ತಬಲಾದವರ ಪಾಡು ಇನ್ನೊಂದು. ಬಯಲಿನಲ್ಲಿ ಡಿಸೆಂಬರಿನ ಇಬ್ಬನಿ ಇಳಿಯುತ್ತಿದ್ದಂತೆ ಚರ್ಮ ಸಡಿಲಾಗಿ ಶ್ರುತಿ ಜಾರುತ್ತದೆ. ಅವರು ಸುತ್ತಿಗೆ ಹಿಡಿದು ಗಟ್ಟಾಗಳನ್ನು, ಅಂದರೆ ಪಟ್ಟಿಗಳಡಿಯ ಮರದ ತುಂಡುಗಳನ್ನು, ತಟ್ಟುತ್ತ, ಕಿವಿ ಹತ್ತಿರ ಒಯ್ದು ಸರಿಮಾಡುತ್ತಿರುವಾಗ ಸಮಿತಿಯವರೊಬ್ಬರು ಬಂದು, ‘ರಿಪೇರಿ ಮನೇಲೇ ಮುಗಿಸ್ಕೊಂಡು ಬರಬಾರ್ದಾ ಸಾರ್?’ ಅಂದರು. ಅಷ್ಟರಲ್ಲಿ ಕರೆಂಟ್ ಹೋಯಿತು. ಸೀರಿಯಲ್ ಸೆಟ್ಟು, ಬಿಸಿನೀರಿನ ಹೀಟರು, ನನ್ನ ಕೀಬೋರ್ಡು, ಎಲ್ಲವೂ ಒಂದೇ ವೈರಿನ ಮಕ್ಕಳು. ಜನರೇಟರ್ ಬಂದಿದೆ, ಡೀಸೆಲ್ ತರಲು ಹೋದವನು ಬಂದಿಲ್ಲ.

ಪೆಂಡಾಲಿನ ತಪ್ಪು, ಬಯಲಿನ ತಪ್ಪು ಅನ್ನುವ ಹಾಗೂ ಇಲ್ಲ. ಇದೇ ಊರಿನ ಚಾಮರಾಜಪೇಟೆಯಲ್ಲಿ 1939ರಲ್ಲಿ ಶುರುವಾದ ರಾಮಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವಕ್ಕೆ ಹೋಗಿ ಕೂತವರಿಗೆ ಗೊತ್ತು, ಪೆಂಡಾಲಿನಡಿಯಲ್ಲೂ ತಂಬೂರಿ ಕೇಳಿಸುತ್ತದೆ. ಅಲ್ಲಿ ಜನ ಸಂಗೀತಕ್ಕೆಂದು ಬರುತ್ತಾರೆ. ನಮ್ಮಲ್ಲಿ ಸಂಗೀತವನ್ನು ಕರೆಸುವುದು, ಶಾಸಕರು ಬರುವವರೆಗೆ ಜನ ಎದ್ದು ಹೋಗದಿರಲಿ ಎಂದು.

ಇದು ಅರ್ಥವಾದ ಮೇಲೆ ನನಗೆ ಬಹಳ ನೆಮ್ಮದಿಯಾಯಿತು. ‘ಹೊರಟಿದ್ದಾರೆ ಸಾರ್, ಹತ್ತೇ ನಿಮಿಷ, ಒಂದೆರಡು ಹಾಡು ಬಿಡಿ’ ಅನ್ನುತ್ತಾರೆ. ಬಿಡುತ್ತೇವೆ. ‘ಸಿಗ್ನಲ್ಲಲ್ಲಿ ಇದ್ದಾರೆ.’ ಇನ್ನೊಂದು. ನಮ್ಮ ಸ್ಟಾಕು ಕರಗುವುದನ್ನು ಕಂಡು ಕಾರ್ಯದರ್ಶಿಗಳು ತಮ್ಮ ಮಗನನ್ನು ವೇದಿಕೆಗೆ ಹತ್ತಿಸುತ್ತಾರೆ. ಹುಡುಗ ಮೊಬೈಲಿನಲ್ಲಿ ಟ್ರ್ಯಾಕ್ ಹಾಕಿಸಿ ಹಾಡಲು ನಿಲ್ಲುತ್ತಾನೆ. ಪಲ್ಲವಿ ಮುಗಿದು ಚರಣ ಬರಬೇಕಾದಲ್ಲಿ ಸಾಲದ ಆಪಿನ ಜಾಹೀರಾತು ಬಂತು. ಆ ಸಂಜೆ ಸ್ಪಷ್ಟವಾಗಿ ಕೇಳಿಸಿದ್ದು ಅದೊಂದೇ.

ಕೊನೆಗೂ ನಮ್ಮ ಗಾಯಕಿ ಶ್ರುತಿ ಹಿಡಿದು, ಎಕೋ ದಾಟಿ, ಮೇಲಿನ ಷಡ್ಜಕ್ಕೆ ಹೋಗಿ ನಿಂತ ಗಳಿಗೆಗೆ ಸರಿಯಾಗಿ ಪಟಾಕಿ ಸಿಡಿಯಿತು. ‘ಮಾನ್ಯ ಶಾಸಕರು ಆಗಮಿಸಿದ್ದಾರೆ! ಸಂಗೀತದವರು ನಿಲ್ಲಿಸಬೇಕು!’ ಅಷ್ಟು ಎತ್ತರದಿಂದ ಆಕೆ ಹೇಗೆ ಇಳಿಯಬೇಕು ಎಂದು ಯಾರೂ ಹೇಳಲಿಲ್ಲ. ವೇದಿಕೆ ಮೇಲೆ ಕುರ್ಚಿ ಸಾಲದೆ ನನ್ನ ಕೀಬೋರ್ಡ್ ಸ್ಟ್ಯಾಂಡನ್ನು ಪರದೆಯ ಹಿಂದಕ್ಕೆ ಸರಿಸಿದರು. ನಾಡು, ನುಡಿ, ನೆಲ, ಜಲದ ಮೇಲೆ ಭಾಷಣಗಳಾದವು. ಕನ್ನಡ ಸಂಗೀತ ಅಳಿವಿನ ಅಂಚಿನಲ್ಲಿದೆ ಎಂದು ಒಬ್ಬರು ಕಣ್ಣೀರು ಹಾಕಿದರು. ಪರದೆಯ ಹಿಂದೆ ನಾವೂ ಚಪ್ಪಾಳೆ ತಟ್ಟಿದೆವು.

ಮತ್ತೆ ಮೈಕ್ ನಮ್ಮ ಕೈಗೆ ಬಂದಾಗ ಗಂಟೆ 9.50. ಶಾಸಕರು ಹೋಗಿದ್ದಾರೆ, ಅವರ ಹಿಂದೆ ಅರ್ಧ ಜನ, ಊಟದ ಕೌಂಟರಿಗೆ ಇನ್ನರ್ಧ. ಶಬ್ದಮಾಲಿನ್ಯದ 2000ದ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ರಾಜ್ಯ ಸರ್ಕಾರ 12ರವರೆಗೆ ಸಡಿಲಿಕೆ ಕೊಡಬಹುದು, ಅದೂ ವರ್ಷಕ್ಕೆ 15 ದಿನ ಮೀರದಂತೆ. ಸಮಿತಿಯವರು ಇಂಥದ್ದಕ್ಕೆಲ್ಲ ಅರ್ಜಿ ಹಾಕುವವರಲ್ಲ, ‘ಸ್ಟೇಷನ್ನಲ್ಲಿ ನಮ್ಮೋರಿದ್ದಾರೆ’ ಅನ್ನುವವರು. ಒಂದು ಹಾಡು ಮುಗಿದು ಎರಡನೆಯದರ ಅನುಪಲ್ಲವಿಯಲ್ಲಿದ್ದಾಗ ಜೀಪು ಬಂತು. ಸಬ್ ಇನ್ಸ್‌ಪೆಕ್ಟರು ಇಳಿದು ‘ಆಫ್ ಮಾಡ್ರಿ’ ಎಂದು ಕೈ ಎತ್ತಿದರು.

ಎತ್ತಿದ ಕೈಯನ್ನೇ ಹಿಡಿದುಕೊಂಡು ಅಧ್ಯಕ್ಷರು ಅವರನ್ನು ವೇದಿಕೆಗೆ ಕರೆತಂದರು. ಶಾಲು ಹೊದಿಸಿದರು, ಪೇಟ ತೊಡಿಸಿದರು, ನಮ್ಮಿಂದ ವಾಪಸು ಪಡೆದ ಬುಟ್ಟಿ ಕೊಟ್ಟರು. ‘ಸಾಹೇಬರು ಎರಡು ಮಾತಾಡಬೇಕು’ ಎಂದು ಗಾಯಕಿಯ ಕೈಯಿಂದ ಮೈಕ್ ತೆಗೆದುಕೊಂಡರು. ಸಾಹೇಬರು ಗಂಟಲು ಸರಿಮಾಡಿಕೊಂಡು, ರಾತ್ರಿ 10ರ ಮೇಲೆ ಧ್ವನಿವರ್ಧಕ ಬಳಸುವುದು ಎಷ್ಟು ದೊಡ್ಡ ಅಪರಾಧವೆಂದು 10.35ರವರೆಗೆ, ಪೂರ್ತಿ ಎಕೋದಲ್ಲಿ ವಿವರಿಸಿದರು.