ಪಿಲಿ ಬತ್ತ್ಂಡ್!

ಹಾಗೆಂದರೆ ತುಳುವಿನಲ್ಲಿ ‘ಹುಲಿ ಬಂತು’ ಎಂದು. ಮಂಗಳೂರಲ್ಲಿ ಹುಲಿ ಎರಡು ಜಾತಿ. ಒಂದು ನವರಾತ್ರಿಗೆ ಬರುವಂಥದ್ದು. ಮೈಗೆಲ್ಲ ಪೈಂಟ್ ಬಳಿದುಕೊಂಡು, ತಾಸೆ ವಾದ್ಯದ ಬಡಿತಕ್ಕೆ ಕುಣಿದು, ಹುಲ್ಲಿನಲ್ಲಿ ಕಟ್ಟಿದ ಅಕ್ಕಿಮುಡಿಯನ್ನು ಹಲ್ಲಲ್ಲಿ ಕಚ್ಚಿ ಹಿಂದಕ್ಕೆಸೆದು, ನೆಲಕ್ಕೆ ಬಿದ್ದ ನೋಟನ್ನು ಬಾಯಲ್ಲೇ ಎತ್ತಿಕೊಂಡು ಹೋಗುತ್ತದೆ. ಇನ್ನೊಂದಕ್ಕೆ ತಿಥಿ ನಕ್ಷತ್ರ ಇಲ್ಲ. ತಾಸೆ ಇಲ್ಲ, ಹರಕೆ ಇಲ್ಲ. ಲಾರಿ ಉಂಟು, ಜೆಸಿಬಿ ಉಂಟು. ಬೀದಿಬದಿ ವ್ಯಾಪಾರಿಗಳನ್ನು ಎಬ್ಬಿಸುವ ಪಾಲಿಕೆಯ ಆ ಕೆಲಸಕ್ಕೆ ಊರಲ್ಲಿರುವ ಹೆಸರು ‘ಟೈಗರ್ ಕಾರ್ಯಾಚರಣೆ’. ಮಗುವಿಗೆ ಜ್ವರ ಬಿಟ್ಟರೆ ಹುಲಿವೇಷ ಹಾಕಿಸುತ್ತೇನೆಂದು ಹರಕೆ ಹೊರುವ ಜಿಲ್ಲೆಯಿದು. ಇಲ್ಲಿ ತರಕಾರಿ ಬುಟ್ಟಿ ಎತ್ತಿಕೊಂಡು ಹೋಗುವ ಕೆಲಸಕ್ಕೆ ಹುಲಿಯ ಹೆಸರು ಯಾರ ತಲೆಗೆ ಹೊಳೆಯಿತೋ! ಕರಡಿ ವೇಷವೂ ನಮ್ಮಲ್ಲಿ ಉಂಟಲ್ಲ, ಪಾಪ, ಅದನ್ನು ಯಾರೂ ಕೇಳಲಿಲ್ಲ.

ಹುಲಿಗೆ ಬೇಟೆ ಬೇಕಾದರೆ ಮೊದಲು ಜಿಂಕೆಯನ್ನು ಬಯಲಿಗೆ ತರಬೇಕು. ಆ ಏರ್ಪಾಡು 2020ರಲ್ಲೇ ಆಗಿತ್ತು. ಆ ವರ್ಷ ಏಪ್ರಿಲ್‌ನಲ್ಲಿ, ಲಾಕ್‌ಡೌನ್ ನಡುವೆ, ಜನ ಸೇರುತ್ತಾರೆಂದು ಸೆಂಟ್ರಲ್ ಮಾರ್ಕೆಟಿನ ಸಗಟು ವ್ಯಾಪಾರವನ್ನು ಬೈಕಂಪಾಡಿಯ ಎಪಿಎಂಸಿ ಯಾರ್ಡಿಗೆ ಕಳಿಸಿದರು. ಕಟ್ಟಡ ಶಿಥಿಲವಾಗಿದೆ ಎನ್ನುವುದೂ ಅದೇ ಹೊತ್ತಿಗೆ ನೆನಪಾಯಿತು. ವ್ಯಾಪಾರಿಗಳು ಹೈಕೋರ್ಟಿನ ಮೆಟ್ಟಿಲು ಹತ್ತಿದರು. ಕೊನೆಗೆ ಕೊರೊನಾ ತೊಲಗಿತು, ಜೊತೆಗೆ ಕಟ್ಟಡವೂ ತೊಲಗಿತು. ಅದರ ಜಾಗಕ್ಕೆ ಮೊದಲು ಬಂದದ್ದು ಚಿತ್ರ. ಸ್ಮಾರ್ಟ್ ಸಿಟಿ ಚಿತ್ರಗಳನ್ನು ನೋಡಿದ್ದೀರಲ್ಲ? ಗಾಜಿನ ಗೋಡೆ, ಮಹಡಿ ಮೇಲೆ ಮಹಡಿ ಪಾರ್ಕಿಂಗು, ಬೆಳ್ಳಗೆ ತೆಳ್ಳಗೆ ನಡೆದುಹೋಗುವ ಮನುಷ್ಯರು. ಅವರಲ್ಲಿ ಒಬ್ಬರ ಕೈಯಲ್ಲೂ ಬಸಳೆ ಕಟ್ಟು ಇರುವುದಿಲ್ಲ.

ಬೀದಿಯಲ್ಲಿ ಕೂತವರೆಲ್ಲ ಆ ಮಾರ್ಕೆಟಿನಿಂದಲೇ ಬಂದವರಲ್ಲ, ಒಪ್ಪಿದೆ. ಆದರೆ ಅಲ್ಲಿಗೆ ಹೋಗುತ್ತಿದ್ದ ನಾವೆಲ್ಲ ಈಗ ಇವರ ಮುಂದೆಯೇ ನಿಂತಿದ್ದೇವೆ. ಮಾರ್ಕೆಟನ್ನು ಹತ್ತು ಕಿಲೋಮೀಟರ್ ಆಚೆ ಕಳಿಸಿದವರು ಅದರ ಜೊತೆ ಹಬ್ಬಗಳನ್ನೂ ಕಳಿಸಬೇಕಿತ್ತು, ಅದೊಂದು ಬಿಟ್ಟುಹೋಯಿತು. ಚೌತಿಯ ಗಣಪತಿಗೆ ಒಂದು ನೋಟಿಸು ಕೊಟ್ಟಿದ್ದರೆ ಬೈಕಂಪಾಡಿಯಲ್ಲೇ ಕೂರುತ್ತಿದ್ದನೋ ಏನೋ. ಈಗ ನೋಡಿ, ದೇವರು ರಥಬೀದಿಯಲ್ಲಿ, ಇಗರ್ಜಿ ಹಂಪನಕಟ್ಟೆಯಲ್ಲಿ, ಬಸ್ಸು ಸ್ಟೇಟ್‌ಬ್ಯಾಂಕ್ ನಿಲ್ದಾಣದಲ್ಲಿ. ಗೃಹಿಣಿ ಒಂದು ಕಟ್ಟು ಅರಸಿನ ಎಲೆಗೆ ಕೈಗಾರಿಕಾ ಪ್ರದೇಶಕ್ಕೆ ಹೋಗಿಬರಬೇಕೆಂದರೆ ಹೇಗೆ?

ಮಳೆಗಾಲದ ಆಟಿ ತಿಂಗಳು ಕಳೆಯುವುದನ್ನೇ ಕಾಯುತ್ತಿರುತ್ತದೆ ಈ ಊರು. ಅಷ್ಟಮಿ ಬಂತೆಂದರೆ ಹಿಟ್ಟು ಹುಯ್ದು ಬೇಯಿಸಲು ಮುಂಡೇವಿನ ಓಲೆಯಲ್ಲಿ ಹೆಣೆದ ಮೂಡೆ, ಹಲಸಿನ ಎಲೆಯ ಕೊಟ್ಟೆ ರಸ್ತೆ ಬದಿಗೆ ಬಂದು ಕೂರುತ್ತವೆ. ಮನೆಯಲ್ಲಿ ಹೆಣೆಯುವ ಅಜ್ಜಿಯಂದಿರು ತೀರಿಹೋದ ಮೇಲೆ ಇವುಗಳ ಬೆಲೆ ಏರಿದ್ದು ಹೌದು. ಚೌತಿಗೂ ಕಬ್ಬು, ಸೆಪ್ಟೆಂಬರ್ 8ರ ಕ್ರೈಸ್ತರ ಮೊಂತಿ ಹಬ್ಬಕ್ಕೂ ಕಬ್ಬು. ನಾಗರ ಪಂಚಮಿಯಲ್ಲಿ ನಮ್ಮ ಗಟ್ಟಿ ಕಡುಬಿಗೆ ಹೋದ ಅದೇ ಅರಸಿನ ಎಲೆ ಅವರ ಪಾತೊಳಿ ಕಡುಬಿಗೂ ಬೇಕು. ಮೊಂತಿ ಹಬ್ಬದ ಊಟದಲ್ಲಿ ತರಕಾರಿ ಬೆಸ ಸಂಖ್ಯೆಯಲ್ಲಿ ಇರಬೇಕು. “ಬಾಯಮ್ಮ, ಆರಾಯ್ತು. ಒಂದು ಹೀರೆ ಹಾಕ್ತೇನೆ, ಏಳಾಗ್ತದೆ” ಎಂದು ಲೆಕ್ಕ ಹಿಡಿಯುವುದು ತರಕಾರಿ ಹೆಂಗಸು. ಹಣ್ಣು ಮಾರುವ ಬ್ಯಾರಿ ಮುಸ್ಲಿಮ ಅಣ್ಣನ ಹತ್ತಿರ ಬಾಳೆಹಣ್ಣು ಕೇಳಿ ನೋಡಿ. “ದೇವರಿಗಾ, ತಿನ್ಲಿಕ್ಕಾ?” ಅಂತ ಮೊದಲು ವಿಚಾರಿಸುತ್ತಾನೆ. ದೇವರಿಗೆಂದರೆ ಕದಳಿ ಕೊಡುತ್ತಾನೆ, ಮೈಸೂರು ಬಾಳೆ ಮುಟ್ಟಲೂ ಬಿಡುವುದಿಲ್ಲ. ನಮ್ಮ ಮನೆಯ ಆಚಾರದಲ್ಲಿ ನನಗಿಂತ ಅವನಿಗೇ ನಿಷ್ಠೆ ಹೆಚ್ಚು. ಡಿಸೆಂಬರಿನಲ್ಲಿ ಅದೇ ಫುಟ್‌ಪಾತಿನ ಮೇಲೆ ನಕ್ಷತ್ರ ನೇತಾಡುತ್ತದೆ, ಕ್ರಿಸ್ಮಸ್ ತಿಂಡಿ ಕುಸ್ವಾರಿಗೆ ತೆಂಗಿನಕಾಯಿ ಆರಿಸುವವರು ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾ ನಿಂತಿರುತ್ತಾರೆ.

ಇವರ ರಕ್ಷಣೆಗೆ ಕಾನೂನು ಇಲ್ಲವೆಂದಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯನ್ನು ಓದಿದರೆ ಕಣ್ಣು ತೇವವಾಗುತ್ತದೆ. ಬೀದಿ ವ್ಯಾಪಾರಿಗಳು 50 ವರ್ಷಕ್ಕಿಂತ ಹೆಚ್ಚು ಕಾಲದಿಂದ ಕೂರುತ್ತಿರುವ ಸಹಜ ಮಾರುಕಟ್ಟೆಯನ್ನು ಪಾರಂಪರಿಕ ಮಾರುಕಟ್ಟೆ ಎಂದು ಘೋಷಿಸಬೇಕು, ಅಲ್ಲಿಯವರನ್ನು ಎಬ್ಬಿಸಬಾರದು ಎನ್ನುತ್ತದೆ ಅದು. ಹೊತ್ತೊಯ್ದ ಸಾಮಾನನ್ನು ಯಜಮಾನ ಬಂದು ಕೇಳಿದರೆ ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ಬೇಗ ಹಾಳಾಗುವಂಥದ್ದಾದರೆ ಕೇಳಿದ ದಿನವೇ. ಬರೆದವರು ಮಲ್ಲಿಗೆಯನ್ನು ಬಲ್ಲವರೇ ಇರಬೇಕು. ಶಂಕರಪುರ ಮಲ್ಲಿಗೆಯ ಒಂದು ಅಟ್ಟೆಯೆಂದರೆ 4 ಚೆಂಡು, ಚೆಂಡಿಗೆ 800 ಹೂವು. ಮೊಗ್ಗಾಗಿ ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ ತಂದ ಈ 3,200 ಹೂಗಳು ಕಚೇರಿಯ ಮೂಲೆಯಲ್ಲಿ ಅರ್ಜಿ, ಸಹಿ, ಮೊಹರು, “ಸಾಹೇಬರು ಊಟಕ್ಕೆ ಹೋಗಿದ್ದಾರೆ” ಎಲ್ಲ ಮುಗಿಯುವವರೆಗೆ ಬಾಡದೆ ಕಾಯುತ್ತವೆ ಎಂಬ ನಂಬಿಕೆ ಮಾತ್ರ ದೊಡ್ಡದು. ಕಾಯ್ದೆ ಬಾಡುವುದಿಲ್ಲ, ಅದೊಂದು ಅನುಕೂಲ.

ನನ್ನ ಸಂಗತಿಯನ್ನೂ ಹೇಳಿಬಿಡುತ್ತೇನೆ. ವಾಟ್ಸಾಪಿನ ಬಡಾವಣೆ ಗುಂಪಿನಲ್ಲಿ “ನಡೆಯಲಿಕ್ಕೇ ಜಾಗ ಇಲ್ಲ ಮಾರಾಯ್ರೆ” ಎಂದು ಫುಟ್‌ಪಾತಿನ ಫೋಟೊ ಹಾಕುವವರಲ್ಲಿ ನಾನೂ ಒಬ್ಬ. ಫೋಟೊ ಹೊಡೆದದ್ದು ಅಲ್ಲೇ ಹರಿವೆ ಸೊಪ್ಪಿಗೆ ಐದು ರೂಪಾಯಿ ಚೌಕಾಸಿ ಮಾಡುತ್ತಿದ್ದಾಗ ಎಂಬ ವಿವರವನ್ನು ಗುಂಪಿಗೆ ತಿಳಿಸುವ ಅಗತ್ಯ ಕಾಣಲಿಲ್ಲ.

ಕಳೆದ ಆಯುಧಪೂಜೆಯ ಹಿಂದಿನ ಸಂಜೆ. ಘಟ್ಟದಿಂದ ಬಂದ ಸೇವಂತಿಗೆ ರಾಶಿ ರಾಶಿ. ಹೂವಿನ ಅಕ್ಕ ನನ್ನ ಸ್ಕೂಟರಿಗೆ ಒಂದು, ಕಾರಿಗೆ ಒಂದು, ಬಾಗಿಲಿಗೆ ಒಂದು ಎಂದು ಮೊಳ ಹಾಕುತ್ತಿದ್ದಳು. ಮೂರನೆಯದಕ್ಕೆ ಮೊಣಕೈವರೆಗೆ ಮಾಲೆ ಎಳೆದಿದ್ದಾಳೆ, ಅಷ್ಟರಲ್ಲಿ ಆ ಕಡೆಯ ತಿರುವಿನಿಂದ ಒಬ್ಬ ಹುಡುಗ ಕೂಗಿದ: “ಪಿಲಿ ಬತ್ತ್ಂಡ್! ಪಿಲಿ ಬತ್ತ್ಂಡ್!”

ಎಂಥ ಕವಾಯತು ಅಂತೀರಿ! ಕಣ್ಣು ಮಿಟುಕಿಸುವಷ್ಟರಲ್ಲಿ ಟಾರ್ಪಾಲಿನ ನಾಲ್ಕು ಮೂಲೆ ಒಂದಾಗಿ ಅಂಗಡಿ ಗಂಟಾಯಿತು, ಗಂಟು ತಲೆಗೇರಿತು. ನಿಂಬೆಹಣ್ಣಿನವನ ಬುಟ್ಟಿ ಹಿಂದಿನ ಅಂಗಡಿಯೊಳಗೆ ನುಗ್ಗಿತು. ಬೂದುಕುಂಬಳದ ಅಜ್ಜ ಮಾತ್ರ ಎಲ್ಲಿಗೆ ಓಡಿಯಾನು? ಒಂದು ಕುಂಬಳ ತೊಡೆಯ ಮೇಲಿಟ್ಟು, ಉಳಿದವು ತನ್ನದಲ್ಲವೆಂಬಂತೆ ಆಕಾಶ ನೋಡುತ್ತಾ ಕೂತ. ಅರ್ಧ ಮಾಲೆ ನನ್ನ ಕೈಯಲ್ಲಿ, ಇನ್ನರ್ಧ ಅಕ್ಕನ ಗಂಟಿನಲ್ಲಿ. ನಾವಿಬ್ಬರೂ ಹೂವಿನ ಹಗ್ಗದಲ್ಲಿ ಕಟ್ಟಿಸಿಕೊಂಡು ಹತ್ತು ಹೆಜ್ಜೆ ಓಡಿದೆವು.

ಆಗ ತಾಸೆ ಕೇಳಿಸಿತು. ತಿರುವಿನಿಂದ ಹೊರಟದ್ದು ಏಳು ಹುಲಿ, ಎರಡು ಮರಿ. ಹಳದಿ ಪೈಂಟು ಇನ್ನೂ ಪೂರ್ತಿ ಒಣಗಿರಲಿಲ್ಲ.

ಅಕ್ಕ ಗಂಟು ಇಳಿಸಿ, ಸೊಂಟಕ್ಕೆ ಕೈಕೊಟ್ಟು ನಿಂತಳು. “ಥೂ, ಇದು ನಮ್ಮ ಪಿಲಿ ಮಾರಾಯ್ರೆ” ಎಂದು ನಕ್ಕವಳು, ಮರಿಹುಲಿಯ ಬಾಲಕ್ಕೆ ಒಂದು ತುಂಡು ಸೇವಂತಿಗೆ ಸುತ್ತಿದಳು. ಮತ್ತೆ ಟಾರ್ಪಾಲು ಹಾಸಿದಳು, ಮತ್ತೆ ನನ್ನ ಮಾಲೆಗೆ ಮೊಳ ಹಾಕಲು ತೊಡಗಿದಳು. ಒಂದು ಎಂದವಳು ನಿಲ್ಲಿಸಿ, ನನ್ನ ಬೆನ್ನ ಹಿಂದೆ ನೋಡಿದಳು.

“ಅಣ್ಣ, ಆ ಸ್ಕೂಟರ್ ನಿಮ್ಮದಾ? ಸ್ವಲ್ಪ ಆಚೆ ಇಡಿ. ಫುಟ್‌ಪಾತಿನಲ್ಲಿ ಜನ ನಡೀಬೇಕಲ್ವಾ?”